ಒಲೆಯ ಪಕ್ಕದ ಬಾಗಿಲು

ಬೆಳಗಿನ ಜಾವದ ಅರೆನಿದ್ದೆಯಲ್ಲಿ ನನಗೆ ಮನೆಗಳು ಕಾಣುತ್ತವೆ. ಯಾರ ಮನೆ, ಎಲ್ಲಿಯದು ಎಂದು ಗೊತ್ತಾಗುವುದಿಲ್ಲ. ಒಂದು ಮೆಟ್ಟಿಲಸಾಲು ಸುಮ್ಮನೆ ಬೆಳಕಿನೊಳಗೆ ಹತ್ತಿಕೊಂಡು ಹೋಗುತ್ತಿರುತ್ತದೆ. ಕಿಟಕಿಯಿಂದ ನಂದಿ ಬೆಟ್ಟದ ಮೋಡ ಒಳಗೆ ಬಂದು ಕುರ್ಚಿಯ ಮೇಲೆ ಕೂತಿರುತ್ತದೆ. ಎಚ್ಚರವಾದ ಮೇಲೂ ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡೇ ಆ ಮನೆಯಲ್ಲಿ ಓಡಾಡುತ್ತೇನೆ. ಅಷ್ಟರಲ್ಲಿ ಫೋನು ಬಡಿದುಕೊಳ್ಳುತ್ತದೆ. ಗೌರಿಬಿದನೂರಿನ ಕೆಲಸದಲ್ಲಿ ನೀರಿನ ಸಂಪು ಎಲ್ಲಿ ತೋಡಬೇಕು ಎಂದು ಮೇಸ್ತ್ರಿ ಕೇಳುತ್ತಾನೆ, ಮೋಡ ಎದ್ದು ಹೋಗುತ್ತದೆ.

ಚಿಕ್ಕಬಳ್ಳಾಪುರದಲ್ಲಿ ಒಂದು ಬಾಡಿಗೆ ಕೋಣೆಯಲ್ಲಿ ಕೂತು ನಾನು ಮನೆಗಳ ನಕ್ಷೆ ಬರೆಯುತ್ತೇನೆ. ಓದುವ ದಿನಗಳಲ್ಲಿ ಕಳವಾರದ ಹತ್ತಿರ, ಸ್ಕಂದಗಿರಿಯ ಬುಡದಲ್ಲಿ, ಮಂಜು ಇಳಿದಾಗ ಕಾಣೆಯಾಗಿಬಿಡುವಂಥ ಒಂದು ಮನೆಯನ್ನು ಬರೆದಿದ್ದೆ. ಕಲಿಸುವವರು ಮೆಚ್ಚಿ ಅದನ್ನು ಗೋಡೆಗೆ ಅಂಟಿಸಿದ್ದರು. ಊರಿಗೆ ಬಂದು ಬೋರ್ಡು ಹಾಕಿದ ಮೇಲೆ ಕಾಣೆಯಾಗುವ ಮನೆಯನ್ನು ಯಾರೂ ಕೇಳಲಿಲ್ಲ. ಎಲ್ಲರಿಗೂ ಕಾಣುವ ಮನೆಯೇ ಬೇಕಿತ್ತು, ಅದೂ ಮೇನ್ ರೋಡಿನಿಂದಲೇ ಕಾಣಬೇಕಿತ್ತು. ನಾನೂ ನಿಧಾನವಾಗಿ ಸಂಪು, ಸಜ್ಜ, ಕಾರು ನಿಲ್ಲಿಸುವ ಜಾಗ ಎಂದು ಮಾತಾಡುವುದನ್ನು ಕಲಿತೆ. ಬೇಜಾರಾಗಲಿಲ್ಲವೆಂದರೆ ಸುಳ್ಳಾಗುತ್ತದೆ.

ನನ್ನ ಅಮ್ಮನಿಗೆ ನಾನು ಕಾಣುವ ಮನೆಗಳ ಬಗ್ಗೆ ಆಸಕ್ತಿಯಿಲ್ಲ, ಕಟ್ಟಿದ ಮನೆಗಳ ಬಗ್ಗೆ ಮಾತ್ರ ವಿಪರೀತ ಆಸಕ್ತಿ. ನಂದಿಯ ಹತ್ತಿರ ದ್ರಾಕ್ಷಿ ತೋಟವಿರುವ ಹಳೆಯ ಮನೆತನದವಳು ಅವಳು. ಈಗ ನನ್ನ ಜೊತೆಗೇ ಇದ್ದಾಳೆ, ನನ್ನ ಕೆಲಸದ ಮೇಲ್ವಿಚಾರಣೆಯೂ ತನ್ನದೇ ಎಂದುಕೊಂಡಿದ್ದಾಳೆ. ಯಾವ ಗೃಹಪ್ರವೇಶಕ್ಕೆ ಹೋದರೂ ನೇರ ಅಡುಗೆಮನೆಗೆ ನುಗ್ಗುತ್ತಾಳೆ. ನಲ್ಲಿ ತಿರುಗಿಸಿ ನೋಡುತ್ತಾಳೆ, ಕಟ್ಟೆಯ ಮೇಲೆ ಕೈಯಿಟ್ಟು ಗಾಳಿಯಲ್ಲಿ ಚಪಾತಿ ಲಟ್ಟಿಸಿ ಎತ್ತರ ಸರಿಯಿದೆಯೇ ಎಂದು ಪರೀಕ್ಷಿಸುತ್ತಾಳೆ. ಶಿಡ್ಲಘಟ್ಟದ ರೇಷ್ಮೆ ವ್ಯಾಪಾರಿಯೊಬ್ಬರ ದೊಡ್ಡ ಮನೆಯಲ್ಲಿ ಬಂದ ಜನರೆಲ್ಲರ ಮುಂದೆ, "ಇಷ್ಟೆಲ್ಲಾ ಕಟ್ಟಿದ್ದೀಯ, ಗ್ರೈಂಡರ್ ಇಡೋಕೆ ಜಾಗ ಎಲ್ಲೇ?" ಎಂದು ನನ್ನ ಮಾನ ಕಳೆದಿದ್ದಳು. ಅವಳು ಹೇಳಿದ್ದು ಸರಿಯಾಗಿಯೇ ಇತ್ತು, ಅದಕ್ಕೇ ಸಿಟ್ಟು ಇನ್ನೂ ಹೆಚ್ಚು ಬಂದಿತ್ತು.

ಹೀಗಿರುವಾಗ ಒಂದು ಮಧ್ಯಾಹ್ನ ಚಿಂತಾಮಣಿಯ ಹೈಸ್ಕೂಲಿನ ಟೀಚರ್ ಒಬ್ಬರು ಗಂಡನ ಜೊತೆ ನನ್ನ ಕೋಣೆಗೆ ಬಂದರು. ಗಂಡ ಸರ್ಕಾರಿ ಬಸ್ಸಿನ ಕಂಡಕ್ಟರು. ಊರಂಚಿನ ಹೊಸ ಬಡಾವಣೆಯಲ್ಲಿ ಪೂರ್ವಕ್ಕೆ ರಸ್ತೆಯಿರುವ ಸಣ್ಣ ಸೈಟು ಅವರದು. ಗಂಡ ಮೊದಲೇ ಹೇಳಿಬಿಟ್ಟರು: "ಮನೆ ವಿಷ್ಯ ಎಲ್ಲಾ ಅವಳದೇ ಮೇಡಂ, ನಾನು ಬರೀ ರೈಟ್ ರೈಟ್ ಅನ್ನೋನು." ಟೀಚರ್ ನಗಲಿಲ್ಲ. ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು, ತುಂಬಾ ದಿನದಿಂದ ಮನಸ್ಸಿನಲ್ಲೇ ಹೇಳಿಕೊಂಡು ಅಭ್ಯಾಸವಾದವರಂತೆ ಮಾತಾಡಿದರು.

"ನಮ್ಮನೆಗೆ ಯಾರು ಬಂದ್ರೂ ಮೊದ್ಲು ಅಡುಗೆಮನೆಗೇ ಬರ್ಬೇಕು ಮೇಡಂ. ಒಲೆ ದಾಟ್ಕೊಂಡೇ ಒಳಕ್ಕೆ ಹೋಗ್ಬೇಕು. ಹಂಗೊಂದು ಮನೆ ಬರ್ಕೊಡ್ತೀರಾ?"

ಕನಸಿನಂಥ ಮನೆ ಕೇಳುವವರು ಯಾರಾದರೂ ಬರಲಿ ಎಂದು ಎಷ್ಟೋ ವರ್ಷದಿಂದ ಕಾಯುತ್ತಿದ್ದವಳು ನಾನು. ಬಂದಾಗ ನನ್ನ ಬಾಯಿಂದ ಬಂದದ್ದೆಲ್ಲ ಮೇಸ್ತ್ರಿಯ ಮಾತುಗಳು. "ಒಗ್ಗರಣೆ ಘಾಟು ಬಂದವರ ಮುಖಕ್ಕೇ ಹೊಡೆಯುತ್ತೆ ಟೀಚರ್."

"ಹೊಡೀಲಿ."

"ರೋಡಿನ ಧೂಳೆಲ್ಲಾ ಸಾರಿಗೆ ಬೀಳುತ್ತೆ. ನಾಯಿ ನುಗ್ಗುತ್ತೆ."

"ಅದಕ್ಕೇ ಅಲ್ವಾ ನಿಮ್ಮ ಹತ್ರ ಬಂದಿರೋದು?"

ಆಮೇಲೆ ಕಾರಣ ಹೇಳಿದರು. ಅವರ ತಾಯಿ ರೇಷ್ಮೆ ಹುಳು ಸಾಕುವ ಮನೆಗಳಿಗೆ ಕೂಲಿಗೆ ಹೋಗುತ್ತಿದ್ದರು, ಹಿಪ್ಪುನೇರಳೆ ಸೊಪ್ಪು ತರುವ ಕೆಲಸ. ಟೀಚರ್ ಚಿಕ್ಕವರಿದ್ದಾಗ ತಾಯಿಯ ಹಿಂದೆಯೇ ಹೋಗುತ್ತಿದ್ದರಂತೆ. ಸೊಪ್ಪು ಹೊತ್ತುಕೊಂಡು ಹುಳುವಿನ ಕೋಣೆಯವರೆಗೆ ಹೋಗಬಹುದಿತ್ತು, ಅಡುಗೆಮನೆಯ ಕಡೆಗೆ ತಿರುಗುವಂತಿರಲಿಲ್ಲ. ಊಟ ಹಿತ್ತಲಿಗೆ ಬರುತ್ತಿತ್ತು. "ಅಡುಗೆಮನೆ ಅಂದ್ರೆ ಹೊಗೆ ಬರೋ ಒಂದು ಕಿಟಕಿ ಅಷ್ಟೇ ಅನ್ಕೊಂಡಿದ್ದೆ ಮೇಡಂ, ಒಳಗೆ ಏನಿರುತ್ತೋ ಗೊತ್ತಿರ್ಲಿಲ್ಲ." ಈಗ ಕಾಲ ಬದಲಾಗಿದೆ. ಅವರ ಮನೆಯವರೆಲ್ಲ ಬೌದ್ಧರಾಗಿದ್ದಾರೆ, ಓದಿದ್ದಾರೆ, ಒಳ್ಳೆಯ ಕೆಲಸಗಳಲ್ಲಿದ್ದಾರೆ. ಸ್ಟಾಫ್ ರೂಮಿನಲ್ಲಿ ಎಲ್ಲರೂ ಒಂದೇ ಮೇಜಿಗೆ ಕೂತು ಊಟ ಮಾಡುತ್ತಾರೆ, ಪಲ್ಯ, ಉಪ್ಪಿನಕಾಯಿ ಹಂಚಿಕೊಳ್ಳುತ್ತಾರೆ. "ಎಲ್ರೂ ಒಳ್ಳೆಯವರೇ. ನನ್ನ ಡಬ್ಬಿಗೆ ಮಾತ್ರ ಯಾರೂ ಚಮಚ ಹಾಕಲ್ಲ. ನಮ್ಮನೆಗೆ ಬಂದ್ರೆ ಹಾಲ್‌ನಲ್ಲಿ ಕೂತು ಜ್ಯೂಸ್ ಬಾಟ್ಲಿ ಕುಡಿದು, ಮನೆ ಚೆನ್ನಾಗಿದೆ ಅಂತ ಎದ್ದು ಹೋಗ್ತಾರೆ. ಹಾಲ್ ಇರೋದೇ ಅದಕ್ಕೆ. ನಂಗೆ ಮುಂದೆ ಹಾಲ್ ಬೇಡ. ಬರೋರು ಬರ್ಲಿ, ನಿಲ್ಲೋರು ಹೊರಗೇ ನಿಲ್ಲಲಿ. ಯಾರು ಯಾರು ಅಂತ ನಂಗೆ ಗೊತ್ತಾದ್ರೆ ಸಾಕು."

ಅವರು ಹೋದ ಮೇಲೆ ನಂದಿಯ ಹತ್ತಿರದ ನಮ್ಮ ತಾತನ ಮನೆಯ ನಕ್ಷೆಯನ್ನು ನೆನಪಿನಿಂದ ಬರೆದೆ. ಜಗಲಿ, ನಡುಮನೆ, ಅದರಾಚೆ ಅಡುಗೆಮನೆ, ಹಿಂದೆ ಹಿತ್ತಲು. ತೋಟದಲ್ಲಿ ಗೊಂಚಲು ಕೀಳುವವರು ಎಲ್ಲಿಯವರೆಗೆ ಬರುತ್ತಿದ್ದರು, ಬಟ್ಟೆ ಮಾರುವವನು ಎಲ್ಲಿ ಕೂರುತ್ತಿದ್ದ, ನೆಂಟರು ಎಲ್ಲಿ ಮಲಗುತ್ತಿದ್ದರು ಎಂದು ಪೆನ್ಸಿಲಿನಿಂದ ಚುಕ್ಕೆಯಿಡುತ್ತಾ ಹೋದೆ. ನಕ್ಷೆಯಲ್ಲಿ ಗೋಡೆಗಳಿಗಿಂತ ಆ ಚುಕ್ಕೆಗಳೇ ಗಟ್ಟಿಯಾಗಿದ್ದವು. ಆ ಮನೆಯಲ್ಲೇ ಆಡಿ ಬೆಳೆದ ನನಗೆ ಅದೊಂದೂ ಅಲ್ಲಿಯವರೆಗೆ ಕಂಡಿರಲಿಲ್ಲ. ಬೇಸರವೋ ನಾಚಿಕೆಯೋ ಹೇಳಲಾಗದ ಒಂದು ಭಾರ ಸಂಜೆಯವರೆಗೂ ನನ್ನ ಜೊತೆಗಿತ್ತು.

ಮರುದಿನದಿಂದ ಕೆಲಸಕ್ಕೆ ಕೂತೆ. ಕನಸು ಕಾಣುವುದು ಸುಲಭ, ಆ ಕನಸಿಗೆ ಚಿಮಣಿ ಎಲ್ಲಿ ಎಂದು ಹುಡುಕುವಾಗಲೇ ಬೆವರು ಬರುವುದು. ರಸ್ತೆಯ ಕಡೆಗೆ ಬಿಸಿಲು ಮಳೆ ತಡೆಯುವ ಸಜ್ಜವನ್ನು ಉದ್ದಕ್ಕೆ ಚಾಚಿ, ಅದರ ಕೆಳಗೆ ಮೊಣಕಾಲೆತ್ತರದ ಗೇಟು ಬರೆದೆ; ನಾಯಿಗೆ ಅಡ್ಡಿ, ಮನುಷ್ಯರಿಗಲ್ಲ. ಒಲೆಯ ಮೇಲೆ ಸೂರನ್ನು ಎತ್ತರಿಸಿ, ಘಾಟು ಮೇಲಕ್ಕೇ ಹೋಗುವಂತೆ ಗೋಡೆಯ ನೆತ್ತಿಯಲ್ಲಿ ಗೂಡುಗಳನ್ನು ಬಿಟ್ಟೆ. ಒಲೆಯ ಮುಂದೆ ನಿಂತವರಿಗೆ ರಸ್ತೆ ಕಾಣಬೇಕು, ಬಂದವರ ಮುಖ ಮೊದಲು ಅವರಿಗೇ ಕಾಣಬೇಕು. ಒಳಗೆ ಗೋಡೆಗೆ ತಾಗಿ ಚಪ್ಪಡಿ ಕಲ್ಲಿನ ಉದ್ದ ಕಟ್ಟೆ ಹಾಕಿದೆ, ಬಂದವರು ಅಲ್ಲೇ ಕೂರಲಿ ಎಂದು. ನಮ್ಮ ಮೇಸ್ತ್ರಿ ನಕ್ಷೆ ನೋಡಿ, "ಆಗ್ನೇಯ ಮೂಲೆಗೇ ಒಲೆ ಬಂತಲ್ಲ ಮೇಡಂ, ವಾಸ್ತು ಪಕ್ಕಾ" ಎಂದು ಖುಷಿಪಟ್ಟ. ವಾಸ್ತು ಎಂದರೆ ಮೂಗು ಮುರಿಯುವ ಟೀಚರ್ ಆ ಹೊಗಳಿಕೆಯನ್ನು ಕಷ್ಟಪಟ್ಟು ನುಂಗಿಕೊಂಡರು. ಮನೆಯ ಬಾಗಿಲೂ ಅಲ್ಲೇ, ಒಲೆಯ ಪಕ್ಕದಲ್ಲೇ ಎಂದು ತಿಳಿದಾಗ ಮೇಸ್ತ್ರಿ ನಕ್ಷೆಯನ್ನು ತಿರುಗಿಸಿ ಹಿಡಿದು ಮತ್ತೊಮ್ಮೆ ನೋಡಿದ.

ಒಂದು ವಿಷಯದಲ್ಲಿ ಮಾತ್ರ ನಾನೂ ಟೀಚರೂ ಜಗಳಕ್ಕೆ ಬಿದ್ದೆವು. ಮಂಚ, ಬೀರು ಒಲೆಯ ಪಕ್ಕದಿಂದ ಒಳಗೆ ಹೋಗುವುದಿಲ್ಲ. ಪಕ್ಕದ ಓಣಿಯ ಕಡೆಯಿಂದ ಅಡುಗೆಮನೆಯ ಹಿಂದಿನ ಹಾಲ್‌ಗೆ ಒಂದು ಸಣ್ಣ ಬಾಗಿಲು ಇಡೋಣ, ಸಾಮಾನಿಗೆ ಮಾತ್ರ ಎಂದೆ. "ಇನ್ನೊಂದು ಬಾಗ್ಲು ಇದ್ರೆ ಜನ ಅದ್ರಲ್ಲೇ ಬರ್ತಾರೆ ಮೇಡಂ. ನಿಮಗೆ ಗೊತ್ತಿಲ್ಲ, ನಂಗೊತ್ತು" ಎಂದು ಅವರು ಎದ್ದೇ ನಿಂತರು. ನನಗೂ ರೇಗಿತು, ಬೀರುವನ್ನು ಬೀದಿಯಲ್ಲಿಟ್ಟುಕೊಳ್ಳಿ ಎಂದುಬಿಟ್ಟೆ. ಎರಡು ದಿನ ಫೋನಿಲ್ಲ. ಕಡೆಗೆ ಹಾಲಿನ ಕಿಟಕಿಯನ್ನು ದೊಡ್ಡದು ಮಾಡಿ, ಅದರ ಗ್ರಿಲ್ಲನ್ನು ಬೋಲ್ಟು ಬಿಚ್ಚಿ ತೆಗೆಯುವಂತೆ ಬರೆದೆ. ಸಾಮಾನು ಕಿಟಕಿಯಿಂದ ಬರಲಿ, ಮನುಷ್ಯರು ಬಾಗಿಲಿಂದ ಬರಲಿ. ಆ ದಿನ ಅವರು ಮೊದಲ ಸಲ ನನ್ನ ಮುಂದೆ ಮನಸಾರೆ ನಕ್ಕರು.

ಪಾಯ ತೋಡುವ ಮುಂಚೆ ನಾನು ಸೈಟಿನ ಮೇಲೆ ಸುಣ್ಣದ ಪುಡಿಯಿಂದ ಮನೆಯನ್ನು ಅದರ ಅಳತೆಯಲ್ಲೇ ಬರೆಯುತ್ತೇನೆ, ಮನೆಯವರನ್ನು ಸ್ವಲ್ಪ ಹೊತ್ತು ಅದರೊಳಗೆ ಬದುಕಲು ಬಿಡುತ್ತೇನೆ. ಆ ಸಂಜೆ ಟೀಚರ್ ಬಿಳಿ ಗೆರೆಗಳ ನಡುವೆ, ಒಲೆ ಬರುವ ಕಡೆ, ಚಪ್ಪಲಿ ಬಿಟ್ಟು ನಿಂತರು. ಗಂಡ ಹಾಲಿನಲ್ಲಿ ಮಣ್ಣಿನ ಮೇಲೆಯೇ ಚಕ್ಕಳಮಕ್ಕಳ ಹಾಕಿ ಕೂತರು. ಕುರಿಮಂದೆಯೊಂದು ಬಂದು ಮಲಗುವ ಕೋಣೆಯ ಗೋಡೆಗಳನ್ನು ಹಾದು ಹೊರಟುಹೋಯಿತು. ಹಿಂದೆ ಬಂದ ಕುರಿಯವರು ಮಾತ್ರ ನಿಂತು, "ಇಲ್ಲೆಕ್ಕಡಮ್ಮಾ?" ಎಂದು ತೆಲುಗಿನಲ್ಲಿ ಮನೆ ಎಲ್ಲಿ ಎಂದು ಕೇಳಿದರು. "ಇದೇ ಕಣಪ್ಪ, ಒಳಕ್ಕೆ ಬನ್ನಿ, ಆ ಕಡೆ ಗೋಡೆ ಇದೆ, ಈ ಕಡೆಯಿಂದ" ಎಂದು ಟೀಚರ್ ಗಂಭೀರವಾಗಿ ಬಾಗಿಲು ತೋರಿಸಿದರು. ಅವರೂ ಅಷ್ಟೇ ಗಂಭೀರವಾಗಿ ತಲೆ ಬಗ್ಗಿಸಿ, ಇಲ್ಲದ ಬಾಗಿಲಿಂದ ಬಂದು, ಇಲ್ಲದ ಕಟ್ಟೆಯ ಜಾಗದಲ್ಲಿ ಕೂತರು. ಪಡುವಣದಲ್ಲಿ ಬೆಟ್ಟಗಳು ನೀಲಿಯಾಗುತ್ತಿದ್ದವು, ಬೆಳಕು ಸುಣ್ಣದ ಗೆರೆಗಳಲ್ಲಿ ಮಾತ್ರ ಉಳಿದಿತ್ತು. ನಾನು ಬರೆದ ಯಾವ ಮನೆಯೂ ಅಷ್ಟು ಚೆನ್ನಾಗಿ ಕಂಡಿಲ್ಲ, ಕಟ್ಟಿ ಮುಗಿದ ಮೇಲೂ ಕಂಡಿಲ್ಲ.

ಮನೆ ಧನುರ್ಮಾಸದ ಹೊತ್ತಿಗೆ ಮುಗಿಯಿತು, ಗೃಹಪ್ರವೇಶವನ್ನೂ ಆಗಲೇ ಒಂದು ಭಾನುವಾರ ಇಟ್ಟುಕೊಂಡರು. "ಧನುರ್ಮಾಸದಲ್ಲಿ ಯಾರಾದ್ರೂ ಮನೆ ಒಕ್ಕಲಾಗ್ತಾರೇನೇ?" ಎಂದು ಅಮ್ಮ ಕೇಳಿದಳು. ಬೌದ್ಧರಿಗೆ ಆ ಲೆಕ್ಕ ಇಲ್ಲ ಎಂದೆ. ಅಮ್ಮ "ಓ, ಅವರಾ" ಎಂದಳು. ಆ ಎರಡು ಮಾತಿನಲ್ಲಿ ತಾತನ ಮನೆಯ ನಕ್ಷೆಯೆಲ್ಲ ಇತ್ತು. ಆ ಮನೆಯ ಬಾಗಿಲು ಎಲ್ಲಿದೆ, ಯಾಕೆ ಅಲ್ಲಿದೆ ಎಂದು ಹೇಳಿದೆ, ನಿನಗೆ ಇಷ್ಟವಿಲ್ಲದಿದ್ದರೆ ಬರಬೇಡ ಎಂದೂ ಹೇಳಿದೆ. "ನೀನು ಕಟ್ಸಿರೋ ಮನೆ, ನಾನು ನೋಡದೆ ಇರ್ತೀನಾ?" ಎಂದು ರೇಷ್ಮೆ ಸೀರೆ ತೆಗೆದಳು. ನನಗೆ ಸಮಾಧಾನಕ್ಕಿಂತ ಭಯವೇ ಹೆಚ್ಚಾಯಿತು.

ನಾವು ಹೋಗುವಷ್ಟರಲ್ಲಿ ಬಿಳಿ ಬಟ್ಟೆಯುಟ್ಟ ನೆಂಟರಿಷ್ಟರು ಬುದ್ಧನ ಮುಂದೆ ಮೇಣದ ಬತ್ತಿ ಹಚ್ಚಿ, ತ್ರಿಶರಣ ಹೇಳಿ ಮುಗಿಸಿದ್ದರು. ಒಲೆಯ ಮೇಲೆ ಹಿತಕಿದ ಅವರೆಬೇಳೆ ಸಾರು ಕುದಿಯುತ್ತಿತ್ತು, ಅವರೆಯ ಸೊಗಡು ರಸ್ತೆಯವರೆಗೂ ಹರಡಿತ್ತು. ಟೀಚರ್ ಸೌಟು ಹಿಡಿದು ಒಲೆಯ ಮುಂದೆಯೇ ನಿಂತಿದ್ದರು, ಬಂದವರನ್ನು ಕರೆಯಲು ಅವರು ಎಲ್ಲಿಗೂ ಹೋಗಬೇಕಿರಲಿಲ್ಲ. ಸ್ಟಾಫ್ ರೂಮಿನವರೂ ಬಂದಿದ್ದರು. ಗಣಿತದ ಮೇಷ್ಟ್ರೊಬ್ಬರು ಚಪ್ಪಲಿ ಬಿಟ್ಟು ನೇರ ಬಂದು, ಕಲ್ಲಿನ ಕಟ್ಟೆಯ ಮೇಲೆ ಕೂತು, ತಟ್ಟೆ ಕೇಳಿ ಊಟಕ್ಕೆ ಶುರುಮಾಡಿದರು. ಉಳಿದವರು ರಸ್ತೆಯ ಶಾಮಿಯಾನದ ಕೆಳಗೆ ನಿಂತು ಸಜ್ಜವನ್ನು ಹೊಗಳಿದರು, ಗೂಡುಗಳನ್ನು ಹೊಗಳಿದರು, ಸಾರಿನ ಪರಿಮಳವನ್ನೂ ಹೊಗಳಿದರು. ಒಬ್ಬರಿಗೆ ಧನುರ್ಮಾಸದಲ್ಲೂ ಹೋಗಲೇಬೇಕಾದ ಮದುವೆಯಿತ್ತು, ಇನ್ನೊಬ್ಬರಿಗೆ ಹೊಟ್ಟೆ ಸರಿಯಿರಲಿಲ್ಲ. ಉಡುಗೊರೆಯ ಪೊಟ್ಟಣಗಳನ್ನು ಗೇಟಿನ ಮೇಲಿಂದ ಕೊಟ್ಟು ಹೊರಟರು. ಮನೆ ತಾನು ಕೇಳಬೇಕಾದ ಪ್ರಶ್ನೆಯನ್ನು ಎಲ್ಲರನ್ನೂ ಕೇಳುತ್ತಿತ್ತು, ಉತ್ತರಗಳು ಟೀಚರ್ ಮುಖದ ಮೇಲೆ ಒಂದೊಂದಾಗಿ ಬೀಳುತ್ತಿದ್ದವು. ಇಂಥ ಮನೆ ಯಾಕೆ ಕಟ್ಟಿಕೊಟ್ಟೆನೋ ಎಂದು ನನಗೆ ಅಳು ಬರುವಂತಾಯಿತು.

ಅಮ್ಮ ಗೇಟು ದಾಟಿದಳು. ಬಾಗಿಲಲ್ಲಿ ಒಂದು ಕ್ಷಣ ತಡೆದು, ಒಳಗೆ ಬಂದೇಬಿಟ್ಟಳು. ನಲ್ಲಿ ತಿರುಗಿಸಿದಳು, ಒಲೆಕಟ್ಟೆಯ ಎತ್ತರ ನೋಡಿದಳು, ನೆತ್ತಿಯ ಗೂಡುಗಳ ಕಡೆ ಕತ್ತೆತ್ತಿ, "ಘಾಟು ನಿಲ್ಲಲ್ಲ, ಚೆನ್ನಾಗಿ ಮಾಡಿದ್ದೀಯ" ಎಂದಳು. ಟೀಚರ್ ಮುಖ ಅರಳಿತು. ತಟ್ಟೆ ತೆಗೆದುಕೊಂಡು, "ಕೂತ್ಕೊಳ್ಳಿ ಅಮ್ಮ, ಊಟ ಮಾಡಿ" ಎಂದರು.

"ಇವತ್ತು ಒಪ್ಪತ್ತು ಕಣಮ್ಮ ನಂಗೆ," ಅಂದಳು ಅಮ್ಮ.

ಅಮ್ಮ ಒಪ್ಪತ್ತು ಮಾಡುವುದು, ಅಂದರೆ ಒಂದೇ ಹೊತ್ತು ಉಣ್ಣುವುದು, ಶನಿವಾರ; ಅವತ್ತು ಭಾನುವಾರ. ಅದು ಟೀಚರಿಗೆ ಗೊತ್ತಿರಲು ಸಾಧ್ಯವಿರಲಿಲ್ಲ, ಆದರೂ ಗೊತ್ತಾಯಿತು. ಅವರು ಒಂದು ಮಾತೂ ಆಡದೆ ತಟ್ಟೆಯನ್ನು ಮತ್ತೆ ಅದರ ಜಾಗದಲ್ಲಿಟ್ಟು, ಒಂದು ಬಾಳೆಹಣ್ಣು ತಂದುಕೊಟ್ಟರು. ಸಿಪ್ಪೆಯಿರುವ ಹಣ್ಣನ್ನು ಯಾರ ಕೈಯಿಂದಲಾದರೂ ತಗೊಳ್ಳಬಹುದು ಎಂಬುದು ನಮ್ಮ ಕಡೆ ಕೊಡುವವರಿಗೂ ಗೊತ್ತು, ತಗೊಳ್ಳುವವರಿಗೂ ಗೊತ್ತು.

ನಾನು ಅಲ್ಲಿ ಹೇಗೆ ಊಟ ಮುಗಿಸಿದೆನೋ ನೆನಪಿಲ್ಲ. ವಾಪಸು ಬರುವಾಗ ಕಾರನ್ನು ನಾನೇ ಓಡಿಸುತ್ತಿದ್ದೆ. ರಸ್ತೆಯುದ್ದಕ್ಕೂ ಹಿಪ್ಪುನೇರಳೆ ತೋಟಗಳು, ಅವುಗಳ ಮೇಲೆ ತೆಳ್ಳಗಿನ ಚಳಿಗಾಲದ ಬಿಸಿಲು, ಎಲ್ಲವೂ ನೀರಿನಡಿಯಲ್ಲಿರುವಂತೆ ಕಾಣುತ್ತಿತ್ತು. ಬಾಳೆಹಣ್ಣು ಅಮ್ಮನ ಮಡಿಲಲ್ಲೇ ಇತ್ತು. ಶಿಡ್ಲಘಟ್ಟ ಬಂದಾಗ, "ಎಲ್ಲಾದ್ರೂ ನಿಲ್ಸೇ, ಹೊಟ್ಟೆ ಹಸೀತಿದೆ" ಎಂದಳು. ಒಂದು ಹೋಟೆಲಿನ ಮುಂದೆ ನಿಲ್ಲಿಸಿದೆ. ಇಡ್ಲಿ ತಟ್ಟೆ ಬಂದು ಅವಳ ಮುಂದೆ ಕೂತಿತು. ನನ್ನ ಸಿಟ್ಟು ಅಲ್ಲಿ ಒಡೆಯಿತು.

"ಒಪ್ಪತ್ತು ಅಂದ್ಯಲ್ಲಮ್ಮ. ಇಲ್ಲಿ ಅಡುಗೆ ಮಾಡಿರೋರು ಯಾರು ಅಂತ ಕೇಳಿದ್ಯಾ? ಒಳಗೆ ಹೋಗಿ ನೋಡಿದ್ಯಾ?"

ಅಮ್ಮ ಇಡ್ಲಿಯ ಮೇಲಿಟ್ಟ ಬೆರಳನ್ನು ತೆಗೆದಳು. "ತಿನ್ಬಾರ್ದು ಅಂತ ಇರ್ಲಿಲ್ಲ ಕಣೇ. ಆಣೆಗೂ ಇರ್ಲಿಲ್ಲ. ಅವಳು ತಟ್ಟೆ ಹಿಡ್ಕೊಂಡ ತಕ್ಷಣ ಬಾಯಿಂದ ಹಂಗೆ ಬಂದ್ಬಿಡ್ತು" ಎಂದಳು. ಅವಳು ಸುಳ್ಳು ಹೇಳುತ್ತಿಲ್ಲವೆಂದು ಗೊತ್ತಾಗಿ ಇನ್ನಷ್ಟು ಸಂಕಟವಾಯಿತು. "ಬೈದಿದ್ರೆ ಚೆನ್ನಾಗಿತ್ತು. ಅವಳು ಸುಮ್ನೆ ತಟ್ಟೆ ಎತ್ತಿಟ್ಬಿಟ್ಲು" ಎಂದು ಅಮ್ಮ ಮತ್ತೆ ಹೇಳಿದಳು. ಆಮೇಲೆ ಮುರಿಯದ ಇಡ್ಲಿಯನ್ನು ಹಾಗೇ ಬಿಟ್ಟು ಎದ್ದಳು. "ಗಾಡಿ ತಿರುಗ್ಸು."

ನಾವು ಮತ್ತೆ ಚಿಂತಾಮಣಿ ತಲುಪಿದಾಗ ಶಾಮಿಯಾನ ಬಿಚ್ಚುತ್ತಿದ್ದರು, ನೆಂಟರು ಒಳಗಿನ ಕೋಣೆಗಳಲ್ಲಿ ಒರಗಿದ್ದರು. ಟೀಚರ್ ಒಬ್ಬರೇ ಒಲೆಯ ಮುಂದಿದ್ದರು. ಕಾರಿನಿಂದ ಇಳಿಯುವಾಗಲೇ ನಾವು ಅವರಿಗೆ ಕಂಡೆವು. ಬೆಲ್ಲು ಒತ್ತಿ ಕಾಯುವ, ಯಾಕೆ ಬಂದೆವೆಂದು ಹೇಳಬೇಕಾದ ಕಷ್ಟ ಯಾವುದೂ ಆ ಬಾಗಿಲಲ್ಲಿ ಇರಲಿಲ್ಲ. ಅಮ್ಮ ನೇರ ಹೋಗಿ ಕಲ್ಲಿನ ಕಟ್ಟೆಯ ಮೇಲೆ ಕೂತಳು.

"ನಂಗೆ ಹಸಿವಾಗ್ತಿದೆ ಕಣಮ್ಮ," ಎಂದಳು.

ಟೀಚರ್ ಅವಳನ್ನೇ ನೋಡಿದರು. ಅವರ ಕಣ್ಣಲ್ಲಿ ಏನೇನು ಬಂದು ಹೋಯಿತೋ, ಎಲ್ಲವೂ ಒಳ್ಳೆಯದಾಗಿರಲಿಲ್ಲ. ಆಮೇಲೆ ಕೈ ಒರೆಸಿಕೊಂಡು ಕೇಳಿದರು: "ಮುದ್ದೆನಾ, ಅನ್ನಾನಾ?"

"ಮುದ್ದೆ."

ಅಮ್ಮ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ ನುಂಗಿದಳು. ಎರಡನೇ ಸಲ ಸಾರು ಹಾಕಿಸಿಕೊಂಡಳು. ತಟ್ಟೆಯಿಂದ ತಲೆಯೆತ್ತದೆ, ನನ್ನ ಮೇಲೆ ಗೊಣಗುವ ಅದೇ ದನಿಯಲ್ಲಿ, "ಉಪ್ಪು ಒಂಚೂರು ಮುಂದಾಗಿದೆಯಲ್ಲಮ್ಮ" ಎಂದಳು.

ನಾನು ಕಣ್ಣು ಮುಚ್ಚಿಕೊಂಡೆ. ಟೀಚರ್ ಸೌಟನ್ನು ಕೆಳಗಿಟ್ಟು ಅಮ್ಮನ ಪಕ್ಕ ಕಟ್ಟೆಯ ಮೇಲೆ ಕೂತುಬಿಟ್ಟರು, ಬೆಳಗಿನಿಂದ ನಿಂತೇ ಇದ್ದವರು. ಸೆರಗಿನಿಂದ ಮುಖ ಒರೆಸಿಕೊಂಡು ನಕ್ಕರು.

"ಬೆಳಿಗ್ಗೆಯಿಂದ ಎಲ್ರೂ ಪರಿಮಳ ಚೆನ್ನಾಗಿದೆ ಚೆನ್ನಾಗಿದೆ ಅಂದ್ರೇ ಹೊರ್ತು," ಎಂದರು, "ಉಪ್ಪಿನ ವಿಷ್ಯ ಹೇಳೋರು ಒಬ್ರೂ ಇರ್ಲಿಲ್ಲ ಅಮ್ಮ."